ಬೇರೊಂದು ಊರಿನ ದಾರಿ



ಪರಕೀಯರು ನಮ್ಮ ಬಿನ್ನಹವನ್ನು ತಳ್ಳಿಹಾಕಿದಾಗ ಆಗುವ ನೋವು ಒಂದು ಬಗೆಯದು. ನಮ್ಮವರೇ ಆದವರು, ಒಂದೇ ವೇದಿಕೆಯ ಮುಂದೆ ಮೊಣಕಾಲೂರಿ ಒಂದೇ ರೊಟ್ಟಿಯನ್ನು ಮುರಿದು ಹಂಚಿಕೊಂಡವರು, ಸೌಜನ್ಯಕ್ಕೆ ಕಿಂಚಿತ್ತೂ ಭಂಗ ಬಾರದ ಒಂದು ಪತ್ರದಲ್ಲಿ, ಈ ಕಾರ್ಯದಲ್ಲಿ ತಾವು ಜೊತೆಗೂಡಲಾರೆವೆಂದು ತಿಳಿಸಿದಾಗ ಆಗುವ ನೋವು ಮತ್ತೊಂದು ಬಗೆಯದು. ಮೊದಲನೆಯದನ್ನು ಕಾಲವು ಮಾಯಿಸುತ್ತದೆ. ಎರಡನೆಯದು ಮನಸ್ಸಿನೊಳಗೆ ಇಳಿದು ಕುಳಿತು, ನಾವು ಹಿಡಿದ ಕಾರ್ಯದ ಮೇಲೂ, ಆ ಕಾರ್ಯಕ್ಕೆ ನಮ್ಮನ್ನು ಕರೆದನೆಂದು ನಾವು ನಂಬಿದ ದೇವರ ಮೇಲೂ ಸಂದೇಹವನ್ನು ಹುಟ್ಟಿಸುತ್ತದೆ. ಅಂಥ ಸಮಯದಲ್ಲಿ ಎರಡು ಶೋಧನೆಗಳು ಎದುರಾಗುತ್ತವೆ. ಬೆಂಬಲವಿಲ್ಲವೆಂದ ಮೇಲೆ ಇದು ದೈವಸಂಕಲ್ಪವೇ ಅಲ್ಲವೆಂದು ತೀರ್ಮಾನಿಸಿ ಕಾರ್ಯವನ್ನು ಕೈಬಿಡುವುದು ಒಂದು. ಎರಡನೆಯದು ಹೆಚ್ಚು ಸೂಕ್ಷ್ಮವಾದದ್ದು: ಕಾರ್ಯವನ್ನೇನೋ ಮುಂದುವರಿಸುವುದು, ಆದರೆ ನಿರಾಕರಿಸಿದವರು ಒಂದು ದಿನ ನಾಚಿ ತಲೆತಗ್ಗಿಸಲಿ ಎಂಬ ಹಂಬಲವನ್ನೇ ಅದರ ಒಳಗಿನ ಚಾಲಕಶಕ್ತಿಯನ್ನಾಗಿ ಮಾಡಿಕೊಳ್ಳುವುದು. ಈ ಎರಡನೆಯ ಶೋಧನೆಯಲ್ಲಿ ಬಿದ್ದವನು ಹೊರಗಿನಿಂದ ನೋಡುವವರಿಗೆ ಮಹಾ ವಿಶ್ವಾಸಿಯಂತೆಯೇ ಕಾಣಿಸುತ್ತಾನೆ. ಅದರ ಅಪಾಯವೂ ಅಲ್ಲಿಯೇ ಇದೆ.

ಲೂಕನು ಬರೆದ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಯೆರೂಸಲೇಮಿನ ಕಡೆಗೆ ಪ್ರಯಾಣ ಹೊರಟ ಯೇಸುವಿಗೆ ಸಮಾರ್ಯದ ಒಂದು ಹಳ್ಳಿಯವರು ಇಳಿದುಕೊಳ್ಳಲು ಎಡೆಗೊಡಲಿಲ್ಲ. ಶಿಷ್ಯರಾದ ಯಾಕೋಬ ಯೋಹಾನರಿಗೆ ಸಿಟ್ಟು ಬಂತು. ಆಕಾಶದಿಂದ ಬೆಂಕಿಯನ್ನು ಬರಮಾಡಿ ಆ ಊರನ್ನು ಸುಟ್ಟುಬಿಡೋಣವೇ ಎಂದು ಕೇಳಿದರು. ಗುರುವು ಶಿಷ್ಯರನ್ನು ಗದರಿಸಿದನೇ ಹೊರತು ಹಳ್ಳಿಯವರನ್ನು ಒಂದು ಮಾತೂ ಆಡಲಿಲ್ಲ. ಆಮೇಲೆ ಎಲ್ಲರೂ ಬೇರೊಂದು ಊರಿಗೆ ನಡೆದರು. ಪ್ರಸಂಗವಿಷ್ಟೇ, ನಾಲ್ಕಾರು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆದರೆ ಅದೇ ಪುಸ್ತಕದ ಮುಂದಿನ ಅಧ್ಯಾಯಕ್ಕೆ ಬಂದರೆ, ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಅರೆಜೀವವಾಗಿ ಬಿದ್ದಿದ್ದ ಮನುಷ್ಯನ ಗಾಯಗಳಿಗೆ ಎಣ್ಣೆ ದ್ರಾಕ್ಷಾರಸಗಳನ್ನು ಹೊಯ್ದು ಕಟ್ಟಿದವನು ಯಾರು? ಒಬ್ಬ ಸಮಾರ್ಯದವನು! ತನಗೆ ಒಂದು ರಾತ್ರಿಯ ಆಶ್ರಯವನ್ನು ಕೊಡದ ಜನರ ಪೈಕಿ ಒಬ್ಬನನ್ನೇ ಯೇಸುವು ತನ್ನ ಸಾಮತಿಯಲ್ಲಿ ನೆರೆಹೊರೆಯವನ ಆದರ್ಶವನ್ನಾಗಿ ನಿಲ್ಲಿಸಿದನು. ಇಷ್ಟಕ್ಕೂ ಕಥೆ ನಿಲ್ಲುವುದಿಲ್ಲ. ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ, ಅಂದು ಬೆಂಕಿಯನ್ನು ಬೇಡಿದ ಅದೇ ಯೋಹಾನನು ಪೇತ್ರನೊಡನೆ ಸಮಾರ್ಯದ ಅನೇಕ ಹಳ್ಳಿಗಳಲ್ಲಿ ಸುವಾರ್ತೆಯನ್ನು ಸಾರುತ್ತ ಹೋದನೆಂದು ಓದುತ್ತೇವೆ. ಬೆಂಕಿ ಬಿದ್ದು ಊರು ಬೂದಿಯಾಗಿದ್ದರೆ ಆತನು ಸಾರುವುದು ಯಾರಿಗೆ? ಬೇರೊಂದು ಊರಿಗೆ ಹೋಗುವುದೆಂದರೆ ಮೊದಲಿನ ಊರು ಉಳಿಯುವಂತೆ ಬಿಟ್ಟುಹೋಗುವುದು. ಈ ಮಾತನ್ನು ವಿಶದಪಡಿಸುವುದಕ್ಕಾಗಿ ನಾನು ತಮ್ಮನ್ನು ತಮಿಳುನಾಡಿನ ದಿಂಡಿಗಲ್ಲಿನ ಸೀಮೆಗೂ ಅಲ್ಲಿಂದ ಪಶ್ಚಿಮಕ್ಕೆ ತೇನಿ ಕಂಬಂ ಕಣಿವೆಗೂ ಕರೆದೊಯ್ಯಬೇಕೆಂದಿದ್ದೇನೆ.

ಈ ಪ್ರಾಂತವು ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ. ಬಯಲಿನ ನಡುವೆ ಒಂಟಿಯಾಗಿ ಎದ್ದುನಿಂತ ದಿಂಡಿಗಲ್ಲಿನ ಬೋಳುಬಂಡೆಯ ಕೋಟೆಗೆ ಮೈಸೂರಿನ ಕಡೆಯಿಂದ 1755ರಲ್ಲಿ ಫೌಜುದಾರನಾಗಿ ನೇಮಕಗೊಂಡವನು ಹೈದರಾಲಿ. ಮುಂದೆ ಅವನು ಕಟ್ಟಿದ ಪ್ರಾಬಲ್ಯಕ್ಕೆ ಬುನಾದಿ ಬಿದ್ದದ್ದು ಇಲ್ಲಿ. ಅವನಿಗಿಂತಲೂ ಬಹು ಹಿಂದೆಯೇ ವಲಸೆ ಬಂದರೆಂದು ಹೇಳಿಕೊಳ್ಳುವ ಕಪ್ಪಿಲಿಯ ಒಕ್ಕಲಿಗರು ಕಂಬಂ ಕಣಿವೆಯಲ್ಲಿ ಇಂದಿಗೂ ಮನೆಯೊಳಗೆ ಒಂದು ಬಗೆಯ ಕನ್ನಡವನ್ನೇ ಆಡುತ್ತಾರೆ. ಕಂಬಂ ಪೇಟೆಯ ನಂದಗೋಪಾಲಸ್ವಾಮಿಯ ಗುಡಿಯಲ್ಲಿ ತಂಬಿರಾನನ ಗೋವುಗಳೆಂದು ಪೂಜೆಗೊಳ್ಳುವ ದನಗಳ ಮಂದೆಯನ್ನು ಸಾಕಿಕೊಂಡು ಬಂದಿರುವವರೂ ಅವರೇ. ಇಂಥ ನಾಡಿನಲ್ಲಿ ಅಮೆರಿಕದ ಕಾಂಗ್ರಿಗೇಷನಲ್ ಸಭೆಯ ಮದುರಾ ಮಿಶನ್ 1834ರಲ್ಲಿ ಕಾಲಿಟ್ಟಿತು; ಮರುವರ್ಷವೇ ದಿಂಡಿಗಲ್ಲಿನಲ್ಲಿ ಅದರ ಠಾಣ್ಯವೊಂದು ಏರ್ಪಟ್ಟಿತು. ಶಾಲೆ, ಔಷಧಾಲಯ, ಕಾಲೇಜುಗಳ ಮೂಲಕ ಅದು ಮಾಡಿದ ಸೇವೆ ಚಿಕ್ಕದಲ್ಲ.

ಆ ಮಿಶನಿಗೆ 1925ರಲ್ಲಿ ಬಂದು ಸೇರಿದ ತರುಣ ಪಾದ್ರಿ ರಾಲ್ಫ್ ರಿಚರ್ಡ್ ಕೈಥಾನ್. ಅಮೆರಿಕದ ಮಿನ್ನೆಸೋಟ ಸೀಮೆಯಲ್ಲಿ 1898ರಲ್ಲಿ ಹುಟ್ಟಿದವರು. ಇಲ್ಲಿನ ಹಳ್ಳಿಗಳ ದಾರಿದ್ರ್ಯವನ್ನು ಕಣ್ಣಾರೆ ಕಂಡು, ಗಾಂಧೀಜಿಯವರ ಮಾತಿಗೂ ಯೇಸುವಿನ ಪರ್ವತಪ್ರಸಂಗದ ಮಾತಿಗೂ ಇರುವ ಸಾಮೀಪ್ಯವನ್ನು ಮನಗಂಡು, ಅವರು ಖಾದಿಯನ್ನು ಧರಿಸತೊಡಗಿದರು. ಇಂದು ನಮಗೆ ಅದು ಸಾಮಾನ್ಯ ಸಂಗತಿಯೆನಿಸಬಹುದು. ಆದರೆ ಬಿಳಿಯ ಪಾದ್ರಿಯೊಬ್ಬರು ಆ ಒರಟು ಬಟ್ಟೆಯನ್ನುಟ್ಟು ಜಿಲ್ಲಾಧಿಕಾರಿಗಳ ಕಣ್ಣೆದುರಿನಲ್ಲಿಯೇ ನಡೆದಾಡುವುದೆಂದರೆ, 1930ರಲ್ಲಿ, ಉಪ್ಪಿನ ಸತ್ಯಾಗ್ರಹದ ಆ ಬಿಸಿಯಲ್ಲಿ, ರಾಜಕೀಯ ಘೋಷಣೆಗೆ ಸಮವಾಗಿತ್ತು. ಅದೇ ವರ್ಷದ ಮಾರ್ಚಿ 2ರ ತಾರೀಖಿನ ಗಾಂಧೀಜಿಯವರ ಪತ್ರವನ್ನು ವೈಸರಾಯ್ ಇರ್ವಿನ್ ಪ್ರಭುವಿಗೆ ಒಯ್ದು ಮುಟ್ಟಿಸಿದ ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ಕ್ವೇಕರ್ ತರುಣನಿಗೆ ಕೈಥಾನರು ತಮ್ಮ ಮನೆಯಲ್ಲಿ ಆತಿಥ್ಯ ನೀಡಿದರು. ಅತಿಥಿಗೆ ಊಟ ಹಾಸಿಗೆಗಳನ್ನು ಕೊಟ್ಟದ್ದೇ ಅಪರಾಧವಾಯಿತು. ಸರ್ಕಾರದ ಅಸಮಾಧಾನ ಮಿಶನಿನ ಬಾಗಿಲಿಗೆ ಬಂತು. ಮಿಶನ್ ತನ್ನ ಸದಸ್ಯನ ಬೆನ್ನಿಗೆ ನಿಲ್ಲಲಿಲ್ಲ. ಕೈಥಾನರು ಭಾರತವನ್ನು ಬಿಟ್ಟು ಹೊರಡಬೇಕಾಯಿತು.

ಮಿಶನ್ ಹಾಗೇಕೆ ಮಾಡಿತೆಂಬುದನ್ನು ನ್ಯಾಯವಾಗಿ ನೋಡಬೇಕು. ಮೊದಲನೆಯ ಮಹಾಯುದ್ಧದ ತರುವಾಯ, ಬ್ರಿಟಿಷೇತರ ಮಿಶನುಗಳಿಂದ ಸರ್ಕಾರವು ಒಂದು ಲಿಖಿತ ವಚನವನ್ನು ಪಡೆಯುತ್ತಿತ್ತು: ತಮ್ಮ ಸೇವಕರು ವಿಧಿಬದ್ಧವಾದ ಸರ್ಕಾರಕ್ಕೆ ವಿಧೇಯರಾಗಿ ನಡೆದುಕೊಳ್ಳುವರೆಂದು. ಆ ವಚನಕ್ಕೆ ಭಂಗ ಬಂದರೆ ಒಬ್ಬ ಪಾದ್ರಿಯಷ್ಟೇ ಅಲ್ಲ, ಮದುರೆಯ ಕಾಲೇಜು, ಆಸ್ಪತ್ರೆ, ಹಳ್ಳಿಹಳ್ಳಿಯ ಶಾಲೆಗಳು, ಅವುಗಳನ್ನೇ ನಂಬಿಕೊಂಡ ಬಡ ಉಪಾಧ್ಯಾಯರು ಮತ್ತು ರೋಗಿಗಳು, ಎಲ್ಲರ ಭವಿತವ್ಯವೂ ತೂಗಾಡುವುದೆಂದು ಸಮಿತಿಯವರು ಹೆದರಿದ್ದರೆ ಆ ಹೆದರಿಕೆಯನ್ನು ಹೇಡಿತನವೆಂದಷ್ಟೇ ಕರೆದು ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ನೂರು ಜನರ ಅನ್ನವನ್ನು ಕಾಯುವವನ ಕಣ್ಣಿಗೆ ಒಬ್ಬನ ಅಂತಃಸಾಕ್ಷಿಯು ಅನೇಕ ವೇಳೆ ಅಪಾಯಕಾರಿಯಾಗಿಯೇ ಕಾಣುತ್ತದೆ. ಅವರು ತಪ್ಪಿದರೆಂದೇ ನಾನು ತಿಳಿದಿದ್ದೇನೆ. ಸಂಸ್ಥೆಯನ್ನು ಉಳಿಸಲು ಹೋಗಿ, ಸಂಸ್ಥೆಯು ಯಾವುದಕ್ಕಾಗಿ ಹುಟ್ಟಿತ್ತೋ ಅದಕ್ಕೇ ಅವರು ಬೆನ್ನು ತಿರುಗಿಸಿದರು. ಆದರೆ ತಪ್ಪಿದವರೆಲ್ಲ ದುಷ್ಟರಲ್ಲ. ಬೆಂಬಲವನ್ನು ನಿರಾಕರಿಸಿದವರ ಕಾರಣಗಳನ್ನು ಅವರ ಬಾಯಿಂದಲೇ ಕೇಳಿಸಿಕೊಂಡು ಅವರ ಸ್ಥಾನದಲ್ಲಿ ಒಂದು ಗಳಿಗೆ ನಿಂತು ನೋಡುವುದು ವಿಶ್ವಾಸದ ಮೊದಲನೆಯ ಕೆಲಸವೆಂದು ನನಗೆ ತೋರುತ್ತದೆ. ಪ್ರಾರ್ಥನೆಯೂ ಅಲ್ಲಿಂದಲೇ ಮೊದಲಾಗಬೇಕು.

ಹೊರಡಿಸಲ್ಪಟ್ಟ ಮನುಷ್ಯನು ಏನು ಮಾಡಿದನು? ಸ್ವದೇಶದಲ್ಲಿ ಒಂದು ಸುಖವಾದ ಸಭೆಯ ಪಾಲಕತ್ವವನ್ನು ಹಿಡಿದು, ಮಿಶನಿನ ಮೇಲೆ ಲೇಖನಗಳ ಮಳೆಗರೆಯುತ್ತ ಕಾಲ ಕಳೆಯಬಹುದಾಗಿತ್ತು. ಕೆಲವು ವರ್ಷಗಳಲ್ಲಿಯೇ ಕೈಥಾನರು ಭಾರತಕ್ಕೆ ಮರಳಿದರು. ಮರಳಿ ಬಂದು ನಮ್ಮ ಬೆಂಗಳೂರಿನ ಬಡವರ ಕೇರಿಗಳಲ್ಲಿ ನೆಲೆಸಿದರು ಎಂಬುದು ಕನ್ನಡಿಗರಾದ ನಮಗೆ ಸಲ್ಲುವ ಭಾಗ. ಶಂಕರಲಿಂಗಂ ಜಗನ್ನಾಥನ್ ಎಂಬ ರಾಮನಾಥಪುರದ ಕಡೆಯ ತರುಣ, ಕಾಲೇಜನ್ನು ತೊರೆದು ಸೇವಾಮಾರ್ಗವನ್ನರಸುತ್ತ ತಿರುಪ್ಪತ್ತೂರಿನ ಕ್ರಿಸ್ತಕುಲ ಆಶ್ರಮವನ್ನು ಹೊಕ್ಕು, ಅನಂತರ ಕೈಥಾನರ ಜೊತೆಗಾರನಾದದ್ದು ಆ ಕಾಲದಲ್ಲಿ. ಹಿಂದೂ ತರುಣನೊಬ್ಬನಿಗೆ ಕ್ರೈಸ್ತ ಪಾದ್ರಿಯು ಗುರುವೂ ಗೆಳೆಯನೂ ಆದನು; ಮತಾಂತರದ ಮಾತು ಅವರ ನಡುವೆ ಅಡ್ಡಬರಲಿಲ್ಲ. ತಮ್ಮ ಸಭೆಯೊಳಗೆ ದೊರೆಯದ ಸಾಂಗತ್ಯವು ಕೈಥಾನರಿಗೆ ಸಭೆಯ ಹೊರಗೆ ದೊರೆಯಿತು. ಯುದ್ಧಕಾಲದಲ್ಲಿ, 1944ರಲ್ಲಿ, ಸರ್ಕಾರವು ಅವರನ್ನು ಎರಡನೆಯ ಸಾರಿ ದೇಶದಿಂದ ಹೊರಕ್ಕೆ ಕಳುಹಿಸಿತು. ಸ್ವಾತಂತ್ರ್ಯ ಬಂದೊಡನೆಯೇ ಅವರು ಮತ್ತೆ ಬಂದರು. ಈ ಬಾರಿ ಬಂದದ್ದು ತಮ್ಮನ್ನು ಮೊದಲು ಹೊರಗಟ್ಟಿದ ಅದೇ ಸೀಮೆಗೆ.

1947ರಲ್ಲಿ ದಿಂಡಿಗಲ್ಲಿಗೂ ಮದುರೆಗೂ ನಡುವೆ, ನೇಕಾರರ ಊರಾದ ಚಿನ್ನಾಳಪಟ್ಟಿಯ ಬಳಿಯಲ್ಲಿ, ಡಾಕ್ಟರ್ ಸೌಂದರಂ ಮತ್ತು ಅವರ ಪತಿ ಜಿ. ರಾಮಚಂದ್ರನ್ ಅವರು ಗಾಂಧಿಗ್ರಾಮವೆಂಬ ಗ್ರಾಮಸೇವಾ ಸಂಸ್ಥೆಯನ್ನು ಕಟ್ಟಲಾರಂಭಿಸಿದಾಗ ಕೈಥಾನರು ಅದರ ಆದಿಕಾಲದ ಸಹಾಯಕರಲ್ಲೊಬ್ಬರಾದರು. ಜಗನ್ನಾಥನ್ ಮತ್ತು ಅವರ ಪತ್ನಿ, ದಲಿತ ಕುಟುಂಬದಿಂದ ಬಂದು ವಿದ್ಯಾವತಿಯಾದ ಕೃಷ್ಣಮ್ಮಾಳ್, ಇವರೊಡನೆ ಸೇರಿ ಬತ್ಲಗುಂಡಿನಲ್ಲಿ ಕಾರ್ಯಕರ್ತರ ನಿಲಯದಲ್ಲಿ ದುಡಿದರು. ಭೂದಾನ ಚಳವಳಿಯ ಕಾಲದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದರು. ಬತ್ಲಗುಂಡು ಮದುರಾ ಮಿಶನಿನ ಹಳೆಯ ಠಾಣ್ಯಗಳಲ್ಲೊಂದು! ಒಂದು ಕಾಲಕ್ಕೆ ಮಿಶನಿನ ಬಂಗಲೆಯವರು ಬೇಡವೆಂದ ಖಾದಿಯ ಪಾದ್ರಿ ಅದೇ ಊರಿನ ಬೀದಿಯಲ್ಲಿ, ಯಾರ ಮೇಲೂ ದೂರಿಲ್ಲದೆ, ಭೂಮಿಯಿಲ್ಲದವರಿಗೆ ಭೂಮಿಯನ್ನು ಬೇಡುತ್ತ ನಡೆದಾಡಿದರು. 1984ರಲ್ಲಿ ತೀರಿಕೊಳ್ಳುವವರೆಗೆ ಕ್ರಿಸ್ತನನ್ನು ಅವರು ಬಿಡಲಿಲ್ಲ, ಈ ಹಳ್ಳಿಗಳನ್ನೂ ಬಿಡಲಿಲ್ಲ. ಗೆದ್ದವನಾಗಿ ಅವರು ಮರಳಿದ್ದರೆ ನನಗೆ ಈ ಕಥೆಯಲ್ಲಿ ಅಷ್ಟು ಆಸಕ್ತಿಯಿರುತ್ತಿರಲಿಲ್ಲ. ಅವರು ಮರಳಿದ್ದು ಆಳಾಗಿ.

ಎಲ್ಲರ ಸ್ವಭಾವವೂ ಒಂದೇ ತೆರನಲ್ಲ. ಮೌನವಾಗಿ ಬೇರೊಂದು ಊರಿಗೆ ನಡೆಯುವುದೊಂದೇ ವಿಶ್ವಾಸದ ಲಕ್ಷಣವೆಂದು ಹೇಳಿಬಿಟ್ಟರೆ ಜೆ. ಸಿ. ಕುಮಾರಪ್ಪನವರಿಗೆ ಅನ್ಯಾಯ ಮಾಡಿದಂತಾಗುತ್ತದೆ. 1892ರಲ್ಲಿ ತಂಜಾವೂರಿನ ಭಕ್ತ ಕ್ರೈಸ್ತ ಕುಟುಂಬದಲ್ಲಿ ಜನಿಸಿ, ಲಂಡನ್ನಿನಲ್ಲಿ ಲೆಕ್ಕಪರಿಶೋಧಕರಾಗಿ, ಅಮೆರಿಕದಲ್ಲಿ ಅರ್ಥಶಾಸ್ತ್ರವನ್ನು ಓದಿ, ಗಾಂಧೀಜಿಯವರ ಗ್ರಾಮೋದ್ಯೋಗಗಳ ಆಚಾರ್ಯರಾದ ಈ ಮಹನೀಯರು 1930ರಲ್ಲಿ ಭಾರತದ ಕ್ರೈಸ್ತ ಸೇವಕರಿಗೂ ಮಿಶನರಿಗಳಿಗೂ ಒಂದು ಬಿನ್ನಹವನ್ನು ಹೊರಡಿಸಿದರು: ಶಸ್ತ್ರವಿಲ್ಲದೆ, ದ್ವೇಷವಿಲ್ಲದೆ ಲಾಠಿಯೇಟುಗಳಿಗೆ ತಲೆಯೊಡ್ಡುತ್ತಿರುವ ಈ ಜನರ ಮಾರ್ಗವು ನಮ್ಮ ಪ್ರಭುವಿನ ಮಾರ್ಗವೇ ಆಗಿರುವಾಗ, ಆತನ ಸಭೆಯು ಇವರ ಪಕ್ಷದಲ್ಲಿ ನಿಲ್ಲಬೇಡವೆ, ಎಂಬುದು ಅದರ ತಾತ್ಪರ್ಯ. ಕಲ್ಕತ್ತೆಯಲ್ಲಿದ್ದ ಭಾರತದ ಮೆಟ್ರೊಪಾಲಿಟನ್, ಬಿಷಪ್ ಫಾಸ್ ವೆಸ್ಟ್‌ಕಾಟರು ಆ ಬೆಂಬಲವನ್ನು ಕೊಡಲಿಲ್ಲ. ಸರ್ಕಾರಕ್ಕೆ ವಿಧೇಯತೆಯೇ ಕ್ರೈಸ್ತಧರ್ಮವೆಂಬ ಧಾಟಿಯಲ್ಲಿ ವಾದಿಸಿದರು. ಕುಮಾರಪ್ಪನವರು ಸುಮ್ಮನಾಗಲಿಲ್ಲ. ಬಹಿರಂಗವಾಗಿಯೇ, ಖಂಡಿತವಾಗಿಯೇ, ಶಾಸ್ತ್ರವಾಕ್ಯಗಳನ್ನೇ ಹಿಡಿದು ಪ್ರತ್ಯುತ್ತರ ಬರೆದರು. ಆ ಬರೆಹ ಸೌಮ್ಯವಲ್ಲ; ಸೌಮ್ಯವಾಗಿರಬೇಕಾಗಿಯೂ ಇರಲಿಲ್ಲ.

ಹಾಗಾದರೆ ಬೆಂಕಿಯನ್ನು ಬೇಡುವುದಕ್ಕೂ ಹೀಗೆ ಖಂಡಿಸಿ ನುಡಿಯುವುದಕ್ಕೂ ಅಂತರವೇನು? ನನ್ನ ಬುದ್ಧಿಗೆ ತೋರುವ ಮಟ್ಟಿಗೆ ಅಂತರವು ನುಡಿದವನ ಮುಂದಿನ ಬಾಳಿನಲ್ಲಿ ಕಾಣುತ್ತದೆ. ಕುಮಾರಪ್ಪನವರು ಸಭೆಯ ಹಿರಿಯರ ಮೇಲಿನ ಕೋಪದಿಂದ ಕ್ರಿಸ್ತನನ್ನು ತೊರೆಯಲಿಲ್ಲ. ಗಾಂಧೀಜಿಯವರ ‘ಯಂಗ್ ಇಂಡಿಯಾ’ ಪತ್ರಿಕೆಯ ಬರೆಹಗಳಿಗಾಗಿ ಸೆರೆಮನೆಯನ್ನು ಕಂಡರು, 1942ರ ಚಳವಳಿಯ ನಂತರದ ದೀರ್ಘ ಕಾರಾಗೃಹವಾಸದಲ್ಲಿ ಶಾಶ್ವತವಾದ ಅರ್ಥವ್ಯವಸ್ಥೆಯನ್ನು ಕುರಿತ ಗ್ರಂಥದ ಜೊತೆಗೆ ಯೇಸುವಿನ ಆಚಾರ ಉಪದೇಶಗಳನ್ನು ಕುರಿತು ಒಂದು ಗ್ರಂಥವನ್ನೂ ಬರೆದರು. ತಮ್ಮ ಬೆಂಬಲಕ್ಕೆ ನಿಲ್ಲದ ಜನರ ಕೈಗೇ ಇಡಬೇಕೆಂದು ಬರೆದಂತೆ ನನಗೆ ತೋರುವ ಪುಸ್ತಕವದು. ಕಡೆಗಾಲದಲ್ಲಿ ಮದುರೆ ಜಿಲ್ಲೆಯ ಟಿ. ಕಲ್ಲುಪಟ್ಟಿಯ ಗಾಂಧಿನಿಕೇತನ ಆಶ್ರಮದಲ್ಲಿ ನೆಲೆಸಿ, 1960ರ ಜನವರಿ 30ರಂದು ಕಾಲವಾದರು. ಸ್ವತಂತ್ರ ಭಾರತದ ಸರ್ಕಾರವೂ ಅವರ ಗ್ರಾಮಾರ್ಥಶಾಸ್ತ್ರಕ್ಕೆ ಬೆಂಬಲ ಕೊಟ್ಟದ್ದು ಅಷ್ಟರಲ್ಲೇ. ಆದರೂ ಮನುಷ್ಯನು ಕಹಿಯಾಗದೆ ಉಳಿದದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇನ್ನು ಕಂಬಂ ಕಣಿವೆ. ಬೆಂಬಲ ನಿರಾಕರಣೆಯ ವಿಷಯವೆತ್ತಿದರೆ ಅಲ್ಲಿನ ರೈತನು ಕೈಥಾನರನ್ನಾಗಲಿ ಕುಮಾರಪ್ಪನವರನ್ನಾಗಲಿ ಹೆಸರಿಸುವುದಿಲ್ಲ. ಆತನ ಬಾಯಲ್ಲಿ ಬರುವ ಹೆಸರು ಕರ್ನಲ್ ಜಾನ್ ಪೆನ್ನಿಕ್ವಿಕ್. ಪಶ್ಚಿಮದ ಕಡಲಿಗೆ ಹರಿದುಹೋಗುತ್ತಿದ್ದ ಪೆರಿಯಾರ್ ನದಿಗೆ ಸುಣ್ಣ ಸುರ್ಕಿಗಳ ಗಾರೆಯಿಂದ ಅಣೆಕಟ್ಟನ್ನು ಕಟ್ಟಿ, ಬೆಟ್ಟವನ್ನು ಕೊರೆದ ಸುರಂಗದ ಮೂಲಕ ನೀರನ್ನು ಪೂರ್ವಕ್ಕೆ ತಿರುಗಿಸಿದ ಎಂಜಿನಿಯರು. ಕೆಲಸ 1887ರಲ್ಲಿ ಮೊದಲಾಗಿ 1895ರ ಅಕ್ಟೋಬರಿನಲ್ಲಿ ಮದರಾಸಿನ ಗವರ್ನರ್ ವೆನ್‌ಲಾಕ್ ಪ್ರಭುವಿನಿಂದ ಪ್ರಾರಂಭೋತ್ಸವ ನಡೆಯಿತು. ನಡುವೆ ಪ್ರವಾಹವು ಕಟ್ಟಡವನ್ನು ಕೊಚ್ಚಿಕೊಂಡು ಹೋದಾಗ ಸರ್ಕಾರವು ಇನ್ನು ಹಣ ಕೊಡುವುದಿಲ್ಲವೆಂದಿತೆಂದೂ, ಆತನು ಸ್ವದೇಶಕ್ಕೆ ಹೋಗಿ ತನ್ನ ಆಸ್ತಿಯನ್ನೂ ಹೆಂಡತಿಯ ಒಡವೆಗಳನ್ನೂ ಮಾರಿ ತಂದ ಹಣದಿಂದ ಅಣೆಯನ್ನು ಮುಗಿಸಿದನೆಂದೂ ಕಣಿವೆಯ ಜನ ಹೇಳುತ್ತಾರೆ. ದಾಖಲೆಗಳನ್ನು ಶೋಧಿಸಿದವರು ಇದಕ್ಕೆ ಆಧಾರ ದೊರೆಯದೆನ್ನುತ್ತಾರೆ. ಆದ್ದರಿಂದ ನಾನು ಇದನ್ನು ಚರಿತ್ರೆಯೆಂದು ತಮ್ಮ ಮುಂದಿಡಲಾರೆ. ಚರಿತ್ರೆಯಲ್ಲಿರುವ ನಿರಾಕರಣೆಗಳು ಬೇರೆ: ನದಿಯನ್ನು ತಿರುಗಿಸುವ ಯೋಚನೆಯು ಕೈಗೂಡದ ಕನಸೆಂದು 1808ರಲ್ಲಿ ಕಾಲ್ಡ್‌ವೆಲ್ ಎಂಬ ಅಧಿಕಾರಿ ವರದಿ ಬರೆದಿದ್ದನು, 1850ರಲ್ಲಿ ಆರಂಭವಾದ ಪ್ರಯತ್ನವೊಂದು ಅಲ್ಲಿನ ಅನಾರೋಗ್ಯಕರ ಪರಿಸ್ಥಿತಿಯಿಂದಾಗಿ ನಿಂತಿತ್ತು. 1876ರಿಂದ 78ರ ಭೀಕರ ಕ್ಷಾಮವು ಬಂದು ಹೆಣಗಳನ್ನು ರಾಶಿಹಾಕಿದ ಮೇಲೆಯೇ ಆ ಕನಸಿಗೆ ಮನ್ನಣೆ ಸಿಕ್ಕಿತು.

ಆದರೂ ಕಣಿವೆಯ ಕಥೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪೆನ್ನಿಕ್ವಿಕ್ಕನು ಹುಟ್ಟಿದ್ದು 1841ರ ಜನವರಿ 15ರಂದು, ಪುಣೆಯಲ್ಲಿ; ಆ ದಿನವು ಪೊಂಗಲಿನ ಹಬ್ಬಕ್ಕೆ ಹೊಂದಿಕೊಂಡೇ ಬರುತ್ತದೆ. ಕಣಿವೆಯ ಲೋವರ್ ಕ್ಯಾಂಪ್ ಎಂಬಲ್ಲಿ 2013ರಲ್ಲಿ ಕಟ್ಟಿದ ಅವನ ಸ್ಮಾರಕದ ಮುಂದೆ ಅಂದು ಹೆಂಗಸರು ಸಾಲಾಗಿ ಒಲೆ ಹೂಡಿ, ಮೂರು ಇಟ್ಟಿಗೆಗಳ ಮೇಲೆ ಮಡಕೆಯಿಟ್ಟು, ಆ ನೀರಿನಿಂದಲೇ ಬೆಳೆದ ಹೊಸ ಅಕ್ಕಿಯನ್ನು ಉಕ್ಕಿಸುತ್ತಾರೆ. ಅರಿಸಿನದ ಕೊನೆಯನ್ನು ಕುತ್ತಿಗೆಗೆ ಕಟ್ಟಿದ ಮಡಕೆಯಿಂದ ನೊರೆ ಉಕ್ಕುವಾಗ ಕೂಗುವ ಕೂಗು ಇಂಗ್ಲೆಂಡಿನ ಫ್ರಿಮ್ಲಿಯ ಚರ್ಚಿನಂಗಳದಲ್ಲಿ ಮಲಗಿರುವ ಒಬ್ಬ ಕ್ರೈಸ್ತನ ಹೆಸರಿನಲ್ಲಿ. ದೊಡ್ಡ ಕಾರ್ಯವನ್ನು ಮಾಡಿದವನು ಕೈಬಿಡಲ್ಪಟ್ಟವನಾಗಿರಲೇಬೇಕೆಂದು ಈ ಜನರ ಹೃದಯವು ಊಹಿಸಿಕೊಂಡಿದೆ; ಅಂಥವನ ಕೈಯನ್ನು ತಾವು ಬಿಡಬಾರದೆಂದೂ ನಿಶ್ಚಯಿಸಿದೆ. ಆ ಕಾಡಿನಲ್ಲಿ ಜ್ವರ ಕಾಲರಾಗಳಿಂದ ಸತ್ತ ನೂರಾರು ಕೂಲಿಗಳಿಗೂ ಒಂದು ಮಡಕೆ ಏರಬೇಕಾಗಿತ್ತೆಂದು ಮಾತ್ರ ನನಗೆ ಅನಿಸುತ್ತದೆ. ಅವರ ಬೆಂಬಲವಿಲ್ಲದೆ ಆ ಅಣೆ ಮೇಲೇಳುತ್ತಿರಲಿಲ್ಲ.

ಇದುವರೆಗೆ ನಿರಾಕರಿಸಲ್ಪಟ್ಟವರ ಪಕ್ಷದಲ್ಲಿ ನಿಂತು ಮಾತನಾಡಿದ್ದಾಯಿತು. ಆದರೆ ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಸಭಾಸಮಿತಿಗಳಲ್ಲಿಯೂ ಆಡಳಿತ ಮಂಡಲಿಗಳಲ್ಲಿಯೂ ಕುಳಿತು, ಬಂದ ಬಿನ್ನಹಗಳಿಗೆ ಹೌದು ಅಲ್ಲಗಳನ್ನು ಬರೆಯುವವರೂ ಇರಬಹುದು. ಮನೆಯ ಯಜಮಾನರೆಲ್ಲರೂ ಒಂದು ರೀತಿಯಲ್ಲಿ ಅಂಥವರೇ. ಇಂದು ಬೆಂಬಲವನ್ನು ಬೇಡಿ ನೊಂದವನು ನಾಳೆ ಬೆಂಬಲವನ್ನು ನಿರಾಕರಿಸುವ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಈ ಸಂಗತಿಯನ್ನು ಪೌಲನ ಬಾಳು ತೋರಿಸುವಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸಲಾರದು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ನ್ಯಾಯಸ್ಥಾನದ ಮೊದಲನೆಯ ವಿಚಾರಣೆಯಲ್ಲಿ ಒಬ್ಬರೂ ತನ್ನ ಪಕ್ಕದಲ್ಲಿ ನಿಲ್ಲದೆ ಎಲ್ಲರೂ ತೊರೆದುಹೋದರೆಂದು ಆತನು ಹೇಳುತ್ತಾನೆ. ಹೇಳಿದವನೇ, ಅದು ಅವರ ಲೆಕ್ಕಕ್ಕೆ ಸೇರದಿರಲಿ ಎಂದು ಬೇಡುತ್ತಾನೆ. ಕರ್ತನು ಮಾತ್ರ ತನ್ನ ಬಳಿ ನಿಂತು ಬಲಗೊಳಿಸಿದನೆಂದು ಸಾಕ್ಷಿ ನುಡಿಯುತ್ತಾನೆ. ನಾವು ಇಲ್ಲಿಗೆ ಓದಿ ಪುಸ್ತಕವನ್ನು ಮುಚ್ಚುತ್ತೇವೆ. ಆದರೆ ಇದೇ ಪೌಲನು ಬಹಳ ವರ್ಷಗಳ ಹಿಂದೆ ಒಬ್ಬ ತರುಣನಿಗೆ ಬೆಂಬಲವನ್ನು ನಿರಾಕರಿಸಿದ್ದನು. ಪಂಫುಲ್ಯದಲ್ಲಿ ತಮ್ಮನ್ನು ಬಿಟ್ಟುಹೋದ ಮಾರ್ಕನನ್ನು ಎರಡನೆಯ ಪ್ರಯಾಣಕ್ಕೆ ಕರೆದುಕೊಳ್ಳಲು ಆತನು ಒಪ್ಪಲಿಲ್ಲ. ಆ ವಾಗ್ವಾದದಿಂದಾಗಿ ಪ್ರಿಯಮಿತ್ರನಾದ ಬಾರ್ನಬನಿಂದಲೇ ಅಗಲಿದನು. ಮಾರ್ಕನು ಬಾರ್ನಬನೊಡನೆ ಹಡಗು ಹತ್ತಿ ಕುಪ್ರದ್ವೀಪಕ್ಕೆ ಹೋದನು.

ಸೆರೆಮನೆಯ ಅದೇ ಪತ್ರದಲ್ಲಿ, ಎಲ್ಲರೂ ತನ್ನನ್ನು ಬಿಟ್ಟುಹೋದರೆಂದು ಬರೆಯುವುದಕ್ಕಿಂತ ಕೆಲವೇ ಸಾಲುಗಳ ಮುಂಚೆ, ವೃದ್ಧನಾದ ಪೌಲನು ತಿಮೊಥೆಯನನ್ನು ಬೇಗ ಬಾ ಎಂದು ಆಸೆಯಿಂದ ಕರೆಯುತ್ತ, ತ್ರೋವದಲ್ಲಿ ಕಾರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಲು ಹೇಳುತ್ತಾನೆ. ಬರುವಾಗ ಮಾರ್ಕನನ್ನೂ ಜೊತೆಗೆ ಕರೆದುಕೊಂಡು ಬರಬೇಕೆಂದೂ, ಸೇವೆಯಲ್ಲಿ ಅವನಿಂದ ತನಗೆ ಉಪಯೋಗವುಂಟೆಂದೂ ಬರೆಯುತ್ತಾನೆ.